ಓತಿ ಮಲಗಿದೆ, ಏಳುತ್ತಿಲ್ಲ: ಚಳಿಯ ನಿದ್ದೆಯೋ, ಕಾಯಿಲೆಯೋ?

ಹಲ್ಲಿ ಮೈಮೇಲೆ ಬಿದ್ದರೆ ಪಂಚಾಂಗ ತೆರೆದು ಫಲ ನೋಡುವ ಮನೆತನ ನಮ್ಮದು. ಅಂಥ ಮನೆಗೆ ಕಳೆದ ಡಿಸೆಂಬರ್‌ನ ಒಂದು ಬೆಳಗ್ಗೆ ಅಮೆರಿಕದ ನ್ಯೂಜೆರ್ಸಿಯಿಂದ ದೂರವಾಣಿ ಕರೆ ಬಂತು. ಆ ಕಡೆ ಅಕ್ಕನ ಮಗ, ಹನ್ನೊಂದು ವರ್ಷದ ಹುಡುಗ. ‘ಮಾಮ, ಬೋಂಡ ಮೂರು ದಿನದಿಂದ ಎದ್ದೇ ಇಲ್ಲ. ಅಂಗಡಿಯವರು ಅದು ಬ್ರೂಮೇಷನ್, ಮುಟ್ಟಬೇಡಿ ಅಂತಾರೆ. ನೀನು ಪೇಪರ್‌ನವನಲ್ವಾ, ಕೇಳಿ ಹೇಳು’ ಎಂದ. ದನಿಯಲ್ಲಿ ಅಳುವಿತ್ತು.

ಬೋಂಡ ಎಂದರೆ ನಾಯಿಯಲ್ಲ, ಬೆಕ್ಕೂ ಅಲ್ಲ. ಏಳು ತಿಂಗಳ ಪ್ರಾಯದ ಬಿಯರ್ಡೆಡ್ ಡ್ರ್ಯಾಗನ್ ಮರಿ. ಮಗ್ಗುಲಲ್ಲೇ ಕುಳಿತು ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದ ಅಮ್ಮ, ‘ಹಲ್ಲಿ ಮಲಗಿದ್ರೆ ಮಲಗಲಿ ಬಿಡೋ, ಎದ್ದು ಓಡಾಡಿದ್ರೆ ತಾನೇ ತೊಂದ್ರೆ’ ಎಂದು ತೀರ್ಪು ಕೊಟ್ಟುಬಿಟ್ಟರು. ಅಂಗಡಿಯವರ ಮಾತಿಗೂ ಅಮ್ಮನ ಮಾತಿಗೂ ಹೆಚ್ಚಿನ ವ್ಯತ್ಯಾಸವಿರಲಿಲ್ಲ. ಮಲಗಲಿ ಬಿಡಿ ಎಂಬುದೇ ಎರಡರ ಸಾರ.

ಪಶುವೈದ್ಯರನ್ನು ಕೇಳಿ, ಸರೀಸೃಪಗಳ ಬಗ್ಗೆ ಓದಿ ತಿಳಿದುಕೊಂಡ ಮೇಲೆ ಗೊತ್ತಾದದ್ದು ಬೇರೆಯೇ. ಬೆಳೆದ ಓತಿಯ ವಿಷಯದಲ್ಲಿ ಆ ಸಲಹೆ ಬಹುಮಟ್ಟಿಗೆ ಸರಿ. ಒಂದು ವರ್ಷ ತುಂಬದ ಮರಿಯ ವಿಷಯದಲ್ಲಿ ಅದೇ ಸಲಹೆ ಜೀವಕ್ಕೆ ಎರವಾಗಬಹುದು. ಏಕೆಂದರೆ ಚಳಿಯ ನಿದ್ದೆಗೆ ಜಾರಿದ ಮರಿ ಮತ್ತು ಕಾಯಿಲೆಯಿಂದ ಕುಸಿಯುತ್ತಿರುವ ಮರಿ ಗಾಜಿನ ಪೆಟ್ಟಿಗೆಯ ಹೊರಗೆ ನಿಂತು ನೋಡುವವರಿಗೆ ಒಂದೇ ರೀತಿ ಕಾಣುತ್ತವೆ. ಎರಡೂ ಕಣ್ಣು ಮುಚ್ಚಿರುತ್ತವೆ, ಎರಡೂ ಮೂಲೆ ಹಿಡಿದಿರುತ್ತವೆ, ಎರಡೂ ಆಹಾರ ಮುಟ್ಟುವುದಿಲ್ಲ.

ಕರ್ವಾಲೊ ಕಾದಂಬರಿಯ ಓತಿಯ ದಾಯಾದಿ

ಬಿಯರ್ಡೆಡ್ ಡ್ರ್ಯಾಗನ್ ಎಂಬ ಹೆಸರು ಕೇಳಿ ಬೆಂಕಿಯುಗುಳುವ ಪ್ರಾಣಿಯನ್ನು ಕಲ್ಪಿಸಿಕೊಳ್ಳಬೇಕಿಲ್ಲ. ಕನ್ನಡದಲ್ಲಿ ಗಡ್ಡದ ಓತಿ ಎಂದರೆ ಸಾಕು. ನಮ್ಮ ಬೇಲಿಯ ಮೇಲೆ ತಲೆಯಾಡಿಸುತ್ತ ಕೂರುವ ಓತಿಕ್ಯಾತ, ಪೂರ್ಣಚಂದ್ರ ತೇಜಸ್ವಿಯವರು 1980ರಲ್ಲಿ ಪ್ರಕಟಿಸಿದ ‘ಕರ್ವಾಲೊ’ ಕಾದಂಬರಿಯಲ್ಲಿ ಎಲ್ಲರನ್ನೂ ಕಾಡು ಅಲೆಸಿದ ಹಾರುವ ಓತಿ, ಈ ಗಡ್ಡದ ಓತಿ, ಮೂರೂ ‘ಅಗಾಮಿಡೇ’ ಎಂಬ ಒಂದೇ ಕುಟುಂಬಕ್ಕೆ ಸೇರಿದವು. ಓತಿಕ್ಯಾತದಂತೆಯೇ ಇದೂ ತಲೆಯಾಡಿಸುತ್ತದೆ. ಸಿಟ್ಟು ಬಂದರೆ ಗಂಟಲ ಕೆಳಗಿನ ಮುಳ್ಳುಮುಳ್ಳಾದ ಚರ್ಮವನ್ನು ಉಬ್ಬಿಸಿ ಕಪ್ಪಗೆ ಮಾಡಿಕೊಳ್ಳುತ್ತದೆ. ಗಡ್ಡ ಎಂಬ ಹೆಸರು ಬಂದದ್ದು ಅದರಿಂದ.

ಇದರ ತವರು ಆಸ್ಟ್ರೇಲಿಯಾದ ಒಳನಾಡಿನ ಬರಡು ಬಯಲು. ವೈಜ್ಞಾನಿಕ ಹೆಸರು ಪೊಗೊನಾ ವಿಟಿಸೆಪ್ಸ್. ಪೂರ್ತಿ ಬೆಳೆದಾಗ ಬಾಲವೂ ಸೇರಿ ಒಂದೂವರೆಯಿಂದ ಎರಡು ಅಡಿ ಉದ್ದ. ಚೆನ್ನಾಗಿ ನೋಡಿಕೊಂಡರೆ ಹತ್ತು ವರ್ಷ ಬಾಳುತ್ತದೆ. ಕಚ್ಚುವುದು ಅಪರೂಪ, ಭುಜದ ಮೇಲೆ ಗಂಟೆಗಟ್ಟಲೆ ಕೂರುತ್ತದೆ. ಅಮೆರಿಕ, ಬ್ರಿಟನ್, ಜರ್ಮನಿಗಳಲ್ಲಿ ಮಕ್ಕಳಿರುವ ಮನೆಗಳಿಗೆ ಇದು ಪ್ರಿಯವಾಗಿರುವುದು ಈ ಸಾಧು ಸ್ವಭಾವದಿಂದ. ಆಸ್ಟ್ರೇಲಿಯಾ ತನ್ನ ಜೀವಂತ ವನ್ಯಪ್ರಾಣಿಗಳ ವಾಣಿಜ್ಯ ರಫ್ತಿಗೆ ಅವಕಾಶ ಕೊಡುವುದಿಲ್ಲ. ಆದ್ದರಿಂದ ಹೊರದೇಶಗಳಲ್ಲಿ ಮಾರಾಟವಾಗುವ ಮರಿಗಳು ಅಲ್ಲಲ್ಲೇ ತಲೆಮಾರುಗಳಿಂದ ಸಾಕಿ ಮರಿ ಮಾಡಿಸಿದವು.

ತವರು ಬಿಟ್ಟು ಎಷ್ಟೋ ತಲೆಮಾರು ಕಳೆದರೂ ಮೈಯೊಳಗಿನ ಋತುಮಾನ ಮಾತ್ರ ಬಿಟ್ಟಿಲ್ಲ. ಆಸ್ಟ್ರೇಲಿಯಾದ ನಟ್ಟನಡುವಿನ ಆಲಿಸ್ ಸ್ಪ್ರಿಂಗ್ಸ್ ಪಟ್ಟಣದಲ್ಲಿ ಜುಲೈ ತಿಂಗಳ ಕನಿಷ್ಠ ಉಷ್ಣಾಂಶದ ಸರಾಸರಿ ಸುಮಾರು 4 ಡಿಗ್ರಿ ಸೆಲ್ಸಿಯಸ್. ಹಗಲಲ್ಲೂ 20 ಡಿಗ್ರಿಯ ಆಸುಪಾಸು. ಬಿಸಿಲಿನಿಂದಲೇ ಮೈ ಕಾಯಿಸಿಕೊಳ್ಳಬೇಕಾದ ಶೀತರಕ್ತದ ಪ್ರಾಣಿಗೆ ಅಂಥ ಚಳಿಯಲ್ಲಿ ಓಡಾಡಿ ಹುಳ ಹಿಡಿಯುವುದು ನಷ್ಟದ ವ್ಯಾಪಾರ. ಹಿಡಿದು ತಿಂದರೂ ಅರಗಿಸಿಕೊಳ್ಳಲು ಶಾಖವಿಲ್ಲ. ಅದಕ್ಕೇ ನೆಲದ ಬಿಲಕ್ಕೋ ಮರದ ಬೊಡ್ಡೆಯ ಸಂದಿಗೋ ಸೇರಿಕೊಂಡು ಚಳಿ ಕಳೆಯುವವರೆಗೆ ಮಲಗಿಬಿಡುತ್ತದೆ.

ನಿದ್ದೆಯಲ್ಲ, ಮಂದಗತಿ

ಕರಡಿಯಂಥ ಬಿಸಿರಕ್ತದ ಪ್ರಾಣಿಗಳ ಶಿಶಿರನಿದ್ರೆಗೂ ಸರೀಸೃಪಗಳ ಈ ಸ್ಥಿತಿಗೂ ವ್ಯತ್ಯಾಸವಿದೆ ಎಂದು ವಾದಿಸಿ, ಇದಕ್ಕೆ ‘ಬ್ರೂಮೇಷನ್’ ಎಂಬ ಪ್ರತ್ಯೇಕ ಹೆಸರನ್ನು 1965ರಲ್ಲಿ ಸೂಚಿಸಿದವರು ಅಮೆರಿಕದ ಪ್ರಾಣಿಶಾಸ್ತ್ರಜ್ಞ ವಿಲ್ಬರ್ ಮೇಹ್ಯೂ. ಲ್ಯಾಟಿನ್ನಿನಲ್ಲಿ ‘ಬ್ರೂಮಾ’ ಎಂದರೆ ಚಳಿಗಾಲ. ಅವರು ಅಭ್ಯಾಸ ಮಾಡಿದ್ದು ಗಡ್ಡದ ಓತಿಯನ್ನಲ್ಲ, ಕೊಂಬಿನ ಹಲ್ಲಿಯನ್ನು. ಹೆಸರು ಮಾತ್ರ ಎಲ್ಲಕ್ಕೂ ಹಬ್ಬಿತು. ಶಿಶಿರನಿದ್ರೆ ಮಾಡುವ ಬಿಸಿರಕ್ತದ ಪ್ರಾಣಿ ತನ್ನ ದೇಹದ ಶಾಖವನ್ನು ತಾನೇ ತಗ್ಗಿಸಿಕೊಳ್ಳುತ್ತದೆ, ಕೂಡಿಟ್ಟ ಕೊಬ್ಬನ್ನು ಕರಗಿಸುತ್ತದೆ. ಸರೀಸೃಪದ ಮೈ ಸುತ್ತಲಿನ ಶಾಖಕ್ಕೆ ತಕ್ಕಂತೆ ತಾನಾಗಿ ಮಂದವಾಗುತ್ತದೆ. ಉಸಿರಾಟ, ಹೃದಯ ಬಡಿತ, ಜೀರ್ಣಕ್ರಿಯೆ ಎಲ್ಲವೂ ನಿಧಾನ. ನಡುವೆ ಬೆಚ್ಚಗಿನ ದಿನವೊಂದು ಬಂದರೆ ಎದ್ದು ನೀರು ಕುಡಿದು, ಒಂದಷ್ಟು ಹೊತ್ತು ಬಿಸಿಲು ಕಾಯಿಸಿಕೊಂಡು ಮತ್ತೆ ಒಳಸೇರುತ್ತದೆ.

ಗಡ್ಡದ ಓತಿಯ ಸಾಮಾನ್ಯ ರಾತ್ರಿ ನಿದ್ದೆಯ ಬಗ್ಗೆ ಇಲ್ಲೊಂದು ಮಾತು ಹೇಳಲೇಬೇಕು. ಜರ್ಮನಿಯ ಫ್ರಾಂಕ್‌ಫರ್ಟ್‌ನಲ್ಲಿರುವ ಮ್ಯಾಕ್ಸ್ ಪ್ಲಾಂಕ್ ಮಿದುಳು ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಇದೇ ಓತಿಯ ಮಿದುಳಿನ ಅಲೆಗಳನ್ನು ದಾಖಲಿಸಿ, 2016ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ವರದಿ ಪ್ರಕಟಿಸಿದರು. ಮನುಷ್ಯರಿಗೆ ಕನಸು ಬೀಳುವ ಹೊತ್ತಿನಲ್ಲಿ ಕಣ್ಣುಗುಡ್ಡೆ ಚಲಿಸುವ ನಿದ್ದೆಯಂಥದ್ದೇ ಒಂದು ಘಟ್ಟ ಇದಕ್ಕೂ ಇದೆ ಎಂಬುದು ಅವರ ಶೋಧ. ನಮ್ಮಲ್ಲಿ ಒಂದು ನಿದ್ದೆಯ ಸುತ್ತು ಸುಮಾರು ಒಂದೂವರೆ ಗಂಟೆಯದಾದರೆ ಓತಿಯದು ಕೇವಲ 80 ಸೆಕೆಂಡಿನದು. ಒಂದು ರಾತ್ರಿಗೆ 350ರಷ್ಟು ಸುತ್ತು! ಬೋಂಡನಿಗೆ ಕನಸು ಬೀಳುತ್ತದೆಯೇ ಎಂದು ಹುಡುಗ ಕೇಳಿದ ಪ್ರಶ್ನೆಗೆ ಇದಕ್ಕಿಂತ ಹತ್ತಿರದ ಉತ್ತರ ನನಗೆ ಸಿಗಲಿಲ್ಲ.

ಇನ್ನು ಮನೆಯೊಳಗಿನ ಗಾಜಿನ ಪೆಟ್ಟಿಗೆಯಲ್ಲಿ, ದೀಪದ ಬಿಸಿಯಲ್ಲಿ ಬದುಕುವ ಓತಿಗೆ ಚಳಿಗಾಲ ಬಂದದ್ದು ಹೇಗೆ ತಿಳಿಯುತ್ತದೆ? ಕೋಣೆಯ ಕಿಟಕಿಯಿಂದ ಬರುವ ಬೆಳಕಿನ ಅವಧಿ ಕುಗ್ಗುವುದು, ರಾತ್ರಿಯ ತಂಪು ಹೆಚ್ಚುವುದು ಸುಳಿವಾಗುತ್ತವೆ. ದೀಪ, ಶಾಖ ಎರಡನ್ನೂ ಬದಲಿಸದೆ ಇಟ್ಟಾಗಲೂ ಕೆಲವು ಓತಿಗಳು ಮಲಗುತ್ತವೆ. ಉತ್ತರ ಗೋಳಾರ್ಧದಲ್ಲಿ ಸಾಕಿದವು ಸಾಮಾನ್ಯವಾಗಿ ಅಕ್ಟೋಬರ್‌ನಿಂದ ಫೆಬ್ರವರಿ ನಡುವೆ, ತವರಿನಲ್ಲಿರುವವು ಜೂನ್‌ನಿಂದ ಆಗಸ್ಟ್ ನಡುವೆ ಮಂಕಾಗುತ್ತವೆ. ಕೆಲವಕ್ಕೆ ಎರಡು ವಾರ, ಕೆಲವಕ್ಕೆ ಮೂರು ತಿಂಗಳು. ಕೆಲವು ಮಲಗುವುದೇ ಇಲ್ಲ. ಮಲಗದಿದ್ದರೆ ಬಲವಂತವಾಗಿ ಮಲಗಿಸಬೇಕಾದ ಅಗತ್ಯವಿಲ್ಲ.

ಮರಿ ಏಕೆ ಮಲಗಬಾರದು?

ಸಾಕಿದ ಓತಿಗಳಲ್ಲಿ ಮೊದಲ ಚಳಿನಿದ್ದೆ ಕಾಣಿಸಿಕೊಳ್ಳುವುದು ಹೆಚ್ಚಾಗಿ ವರ್ಷ ತುಂಬಿದ ಮೇಲೆ. ಮೊಟ್ಟೆಯಿಂದ ಹೊರಬಂದಾಗ ಎರಡು ಮೂರು ಗ್ರಾಂ ತೂಗುವ ಮರಿ ವರ್ಷದೊಳಗೆ ಅದರ ನೂರು ಪಟ್ಟು ತೂಗುವ ಪ್ರಾಣಿಯಾಗಬೇಕು. ಅದಕ್ಕೇ ಚಿಕ್ಕ ಮರಿಗೆ ದಿನಕ್ಕೆ ಎರಡು ಮೂರು ಸಲ ಹುಳುಗಳ ಊಟ. ಬೆಳೆದ ಓತಿ ಸೊಪ್ಪು ತಿಂದು ಬದುಕಿದರೆ ಮರಿಗೆ ಕ್ರಿಕೆಟ್ ಹುಳುಗಳ ಬಲವೇ ಬೇಕು. ತಿಂದದ್ದೆಲ್ಲ ಎಲುಬು ಮಾಂಸಗಳಿಗೆ ಹೋಗುತ್ತದೆ, ಕೊಬ್ಬಾಗಿ ಉಳಿಯುವುದು ಅಲ್ಪ. ಉಳಿತಾಯವಿಲ್ಲದ ಮನೆಯಲ್ಲಿ ದುಡಿಮೆಗಾರ ಮೂರು ತಿಂಗಳು ಮಲಗಿದರೆ ಏನಾಗುತ್ತದೋ ಇಲ್ಲೂ ಅದೇ.

ಕಾಡಿನಲ್ಲಿ ಬೇಸಿಗೆಗೆ ಹುಟ್ಟಿದ ಮರಿ ಅದೇ ವರ್ಷದ ಚಳಿಗಾಲವನ್ನು ಎದುರಿಸುವುದಿಲ್ಲವೇ ಎಂದು ಕೇಳಬಹುದು. ಎದುರಿಸುತ್ತದೆ, ಬೇರೆ ದಾರಿಯಿಲ್ಲ. ಆದರೆ ಪ್ರಕೃತಿ ಒಂದು ಕಂತಿನಲ್ಲಿ ಇಪ್ಪತ್ತು ಮೊಟ್ಟೆ ಇಡಿಸುವುದು ಇಪ್ಪತ್ತೂ ಬದುಕಲಿ ಎಂಬ ಲೆಕ್ಕದಲ್ಲಲ್ಲ. ಮನೆಯಲ್ಲಿ ಇರುವುದು ಒಂದೇ ಒಂದು. ಪ್ರಕೃತಿಯ ಆ ಲೆಕ್ಕ ಹನ್ನೊಂದು ವರ್ಷದ ಹುಡುಗನಿಗೆ ಒಪ್ಪಿಗೆಯಾಗುವುದಿಲ್ಲ.

ಹೀಗಾಗಿ ವರ್ಷ ತುಂಬದ ಮರಿ ದಿನಗಟ್ಟಲೆ ಮಲಗಿದರೆ, ಬೇರೆ ಕಾರಣವಿಲ್ಲವೆಂದು ಖಾತ್ರಿಯಾಗುವವರೆಗೆ ಅದನ್ನು ಕಾಯಿಲೆ ಎಂದೇ ಭಾವಿಸಿ ನಡೆಯುವುದು ಕ್ಷೇಮ. ಬ್ರೂಮೇಷನ್ ಎಂಬುದು ಎಲ್ಲ ಪರೀಕ್ಷೆಯೂ ಮುಗಿದ ಮೇಲೆ ಕೊನೆಗೆ ಬರಬೇಕಾದ ತೀರ್ಮಾನ. ಅಂಗಡಿಯ ಕಟ್ಟೆಯಲ್ಲಿ, ದೂರವಾಣಿಯಲ್ಲಿ, ಮರಿಯನ್ನು ಕಣ್ಣಿನಿಂದಲೂ ನೋಡದೆ ಹೇಳುವ ಮಾತಲ್ಲ.

ಮೊದಲು ನೋಡಬೇಕಾದ್ದು ಓತಿಯನ್ನಲ್ಲ, ಪೆಟ್ಟಿಗೆಯನ್ನು

ಮರಿ ಮಂಕಾಗಲು ಅತಿ ಸಾಮಾನ್ಯವಾದ ಕಾರಣ ಬಲು ಸಾದಾ. ಅದಕ್ಕೆ ಚಳಿಯಾಗಿದೆ, ಅಷ್ಟೆ. ಮೈ ಕಾಯಿಸಿಕೊಳ್ಳಲು ಓತಿ ಕೂರುವ ಕಲ್ಲಿನ ಅಥವಾ ಕೊಂಬೆಯ ಮೇಲ್ಮೈ 40 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿರಬೇಕು. ಪೆಟ್ಟಿಗೆಯ ಇನ್ನೊಂದು ತುದಿ 25ರಿಂದ 28 ಡಿಗ್ರಿಯ ನೆರಳಾಗಿರಬೇಕು. ಬಿಸಿಯಿಂದ ತಂಪಿಗೆ, ತಂಪಿನಿಂದ ಬಿಸಿಗೆ ಓಡಾಡುತ್ತಲೇ ಓತಿ ತನ್ನ ಮೈಶಾಖವನ್ನು ಹೊಂದಿಸಿಕೊಳ್ಳುವುದು. ಬೇಸಿಗೆಯಲ್ಲಿ ಸರಿಯಾಗಿ ಕಾಯಿಸುತ್ತಿದ್ದ ಅದೇ ದೀಪ ಚಳಿಗಾಲದಲ್ಲಿ, ಕೋಣೆಯೇ ತಣ್ಣಗಿರುವಾಗ, ಐದಾರು ಡಿಗ್ರಿ ಕಡಿಮೆ ಕಾಯಿಸುತ್ತದೆ. ದೀಪ ಉರಿಯುತ್ತಲೇ ಇರುವುದರಿಂದ ಯಾರಿಗೂ ಅನುಮಾನ ಬರುವುದಿಲ್ಲ.

ನ್ಯೂಜೆರ್ಸಿಯ ಮನೆಯಲ್ಲಿ ಆದದ್ದೂ ಇದೇ. ಪೆಟ್ಟಿಗೆಯ ಗೋಡೆಗೆ ಅಂಟಿಸಿದ್ದ ಗಡಿಯಾರದಂಥ ಅಗ್ಗದ ಮಾಪಕ 38 ಡಿಗ್ರಿ ತೋರಿಸುತ್ತಿತ್ತು. ಭಾವ ಹೋಗಿ ತಂತಿಯ ತುದಿಯಲ್ಲಿ ಸಂವೇದಕವಿರುವ ಡಿಜಿಟಲ್ ಮಾಪಕ ತಂದು ಕಲ್ಲಿನ ಮೇಲಿಟ್ಟರೆ ಕಂಡದ್ದು 31. ಪೆಟ್ಟಿಗೆ ಕಿಟಕಿಯ ಪಕ್ಕದಲ್ಲಿತ್ತು. ಹೊರಗೆ ಹಿಮ ಬೀಳುತ್ತಿತ್ತು. ಪೆಟ್ಟಿಗೆಯನ್ನು ಒಳಗೋಡೆಯ ಬದಿಗೆ ಸರಿಸಿ, ಹೆಚ್ಚಿನ ವಾಟ್‌ನ ದೀಪ ಹಾಕಿ 40ಕ್ಕೆ ತಂದರು.

ಎರಡನೆಯದು ನೇರಳಾತೀತ ಕಿರಣದ ಟ್ಯೂಬ್. ಈ ಕಿರಣವಿಲ್ಲದೆ ಓತಿಯ ದೇಹದಲ್ಲಿ ಡಿ3 ಜೀವಸತ್ವ ತಯಾರಾಗುವುದಿಲ್ಲ. ಡಿ3 ಇಲ್ಲದಿದ್ದರೆ ಕ್ಯಾಲ್ಸಿಯಂ ಪುಡಿ ಎಷ್ಟು ಉದುರಿಸಿದರೂ ಮೈಗೆ ಹತ್ತುವುದಿಲ್ಲ. ಟ್ಯೂಬ್ ಬೆಳಗುತ್ತಿದ್ದರೂ ಅದರ ನೇರಳಾತೀತ ಶಕ್ತಿ ಕ್ರಮೇಣ ಕುಂದುತ್ತದೆ. ಬಗೆಗೆ ತಕ್ಕಂತೆ ಆರರಿಂದ ಹನ್ನೆರಡು ತಿಂಗಳಿಗೊಮ್ಮೆ ಬದಲಿಸಬೇಕು. ಕಿಟಕಿಯಿಂದ ಬಿಸಿಲು ಬೀಳುತ್ತದಲ್ಲ ಎಂದು ಸಮಾಧಾನ ಪಡುವಂತಿಲ್ಲ. ಡಿ3 ತಯಾರಿಸುವ ಕಿರಣವನ್ನು ಗಾಜು ಬಹುಪಾಲು ತಡೆದುಬಿಡುತ್ತದೆ.

ಶಾಖ, ಬೆಳಕು ಎರಡನ್ನೂ ಸರಿಪಡಿಸಿದ ಮರುದಿನವೋ ಅದರ ಮರುದಿನವೋ ಮರಿ ಎದ್ದು ಬಾಯಾಡಿಸಿದರೆ ಕಥೆ ಅಲ್ಲಿಗೆ ಮುಗಿಯಿತು. ಬೋಂಡನ ಕಥೆ ಮುಗಿಯಲಿಲ್ಲ.

ಎತ್ತಿ ನೋಡಿ, ತೂಗಿ ನೋಡಿ

ಮರಿಯನ್ನು ಮೆಲ್ಲಗೆ ಅಂಗೈಮೇಲೆ ಎತ್ತಿಕೊಂಡಾಗ ಸುಮ್ಮನೆ ನಿದ್ದೆಯಲ್ಲಿರುವುದಾದರೆ ಒಂದು ಕಣ್ಣಾದರೂ ತೆರೆದು ‘ಯಾಕೆ ಎಬ್ಬಿಸಿದಿರಿ’ ಎಂಬಂತೆ ದುರುಗುಟ್ಟುತ್ತದೆ. ಕಾಲು ಬಿಗಿ ಹಿಡಿಯುತ್ತದೆ, ತಲೆ ಎತ್ತುತ್ತದೆ. ಕಾಯಿಲೆಯ ಮರಿ ಒದ್ದೆ ಬಟ್ಟೆಯಂತೆ ಜೋಲುತ್ತದೆ. ಕಣ್ಣು ಗುಳಿಬಿದ್ದಿದ್ದರೆ, ಚರ್ಮವನ್ನು ಚಿವುಟಿ ಬಿಟ್ಟಾಗ ಮಡಿಕೆ ಹಾಗೆಯೇ ನಿಂತರೆ ನೀರಿನಂಶ ಕಡಿಮೆಯಾಗಿದೆ ಎಂದರ್ಥ. ನೆತ್ತಿಯ ಮೇಲಿನ ಕೊಬ್ಬಿನ ಉಬ್ಬು ಇಳಿದಿದ್ದರೆ, ಬಾಲದ ಬುಡದ ಎಲುಬು ಎದ್ದು ಕಾಣುತ್ತಿದ್ದರೆ ಸೊರಗುತ್ತಿದೆ ಎಂದರ್ಥ. ಬಿಸಿಲು ಕಾಯದ ವೇಳೆಯಲ್ಲೂ ಬಾಯಿ ತೆರೆದು ಉಸಿರಾಡುವುದು, ಮೂಗಿನಲ್ಲಿ ಲೋಳೆ, ಬೆರಳುಗಳ ನಡುಕ, ರಬ್ಬರಿನಂತೆ ಬಾಗುವ ದವಡೆ, ಕೆಟ್ಟ ನಾತದ ತೆಳು ಭೇದಿ ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲೆಂದು ಕಾಯಬಾರದು.

ಎಲ್ಲಕ್ಕಿಂತ ನಂಬಿಕೆಯ ಸಾಕ್ಷಿ ಅಡುಗೆಮನೆಯ ಡಿಜಿಟಲ್ ತಕ್ಕಡಿ. ಓತಿಕ್ಯಾತಕ್ಕೆ ಬೇಲಿ ಸಾಕ್ಷಿ ಎಂಬ ಗಾದೆ ಇದೆ. ಸಾಕಿದ ಓತಿಗೆ ತಕ್ಕಡಿ ಸಾಕ್ಷಿ. ನಿಜವಾದ ಚಳಿನಿದ್ದೆಯಲ್ಲಿ ಮೈಯ ಖರ್ಚು ತೀರಾ ಕಡಿಮೆಯಾಗುವುದರಿಂದ ವಾರಗಟ್ಟಲೆ ತಿನ್ನದಿದ್ದರೂ ಆರೋಗ್ಯವಂತ ಓತಿಯ ತೂಕ ಅಷ್ಟಾಗಿ ಇಳಿಯುವುದಿಲ್ಲ. ಶೇ. 10ರಷ್ಟು ಇಳಿಯಿತೆಂದರೆ ವೈದ್ಯರ ಬಳಿ ಹೋಗಲೇಬೇಕಾದ ಗಡಿ ಮುಟ್ಟಿತು. ಮರಿಯಾದರೆ ಆ ಗಡಿಯವರೆಗೂ ಕಾಯುವುದು ತರವಲ್ಲ. ಬೆಳೆಯಬೇಕಾದ ಪ್ರಾಣಿಯ ತೂಕ ನಿಂತಲ್ಲೇ ನಿಲ್ಲುವುದೂ ಅಪಶಕುನವೇ.

ಅದೃಷ್ಟಕ್ಕೆ ಹುಡುಗ ಶಾಲೆಯ ವಿಜ್ಞಾನದ ಪುಸ್ತಕದ ಹಿಂದಿನ ಹಾಳೆಯಲ್ಲಿ ವಾರವಾರ ತೂಕ ಬರೆದಿಟ್ಟಿದ್ದ. ಡಿಸೆಂಬರ್ ಮೊದಲ ವಾರ 192 ಗ್ರಾಂ. ಈಗ ತೂಗಿದರೆ 171. ಫೋನಿನಲ್ಲಿ ಲೆಕ್ಕ ಹಾಕಿದೆವು: ಶೇ. 11ರಷ್ಟು ಇಳಿಕೆ. ಅಂಗಡಿಯವರ ಮಾತು ಅಲ್ಲಿಗೆ ಬಿದ್ದುಹೋಯಿತು.

ಹಿಕ್ಕೆಯೊಳಗಿನ ರಹಸ್ಯ

ನಾಯಿ ಬೆಕ್ಕು ನೋಡುವ ಎಲ್ಲ ಪಶುವೈದ್ಯರೂ ಸರೀಸೃಪಗಳನ್ನು ನೋಡುವುದಿಲ್ಲ. ಮೊದಲೇ ಕೇಳಿಕೊಂಡು ಹೋಗಬೇಕು. ಅಮೆರಿಕದಲ್ಲಿ ಸರೀಸೃಪ ಮತ್ತು ಉಭಯಚರಗಳ ಪಶುವೈದ್ಯರದೇ ಒಂದು ಸಂಘವಿದೆ, ಅದರ ಮೂಲಕ ಹತ್ತಿರದ ವೈದ್ಯರನ್ನು ಹುಡುಕಬಹುದು. ಹೋಗುವಾಗ ಸಾಧ್ಯವಾದರೆ ಮರಿಯ ಹೊಸ ಹಿಕ್ಕೆಯನ್ನು ಚಿಕ್ಕ ಡಬ್ಬಿಯಲ್ಲಿ ಹಾಕಿಕೊಂಡು ಹೋಗಬೇಕು. ಒಣಗಿದ್ದು ಪ್ರಯೋಜನಕ್ಕೆ ಬಾರದು. ಒಂದು ದಿನದೊಳಗಿನದ್ದಾಗಿರಬೇಕು, ಅಲ್ಲಿಯವರೆಗೆ ತಂಪಿನಲ್ಲಿರಬೇಕು. (ಫ್ರಿಜ್‌ನಲ್ಲಿ ಇಡುವವರು ಮನೆಯ ಹಿರಿಯರಿಗೆ ಮೊದಲೇ ತಿಳಿಸುವುದು ಒಳ್ಳೆಯದು.)

ಸೂಕ್ಷ್ಮದರ್ಶಕದ ಕೆಳಗೆ ಬೋಂಡನ ಹಿಕ್ಕೆಯಲ್ಲಿ ಕಂಡದ್ದು ಕಾಕ್ಸಿಡಿಯಾ. ಕರುಳಿನ ಗೋಡೆಯ ಜೀವಕೋಶಗಳೊಳಗೆ ನುಗ್ಗಿ ಬೆಳೆಯುವ ಏಕಕೋಶದ ಪರಾವಲಂಬಿ ಇದು. ಕೋಳಿ ಸಾಕುವವರಿಗೆ ಇದರ ಬಳಗದ ಹೆಸರು ಚಿರಪರಿಚಿತ. ಗಡ್ಡದ ಓತಿಗೆ ತಗಲುವ ಪ್ರಭೇದವೇ ಬೇರೆ. ಸ್ವಲ್ಪ ಪ್ರಮಾಣದಲ್ಲಿದ್ದಾಗ ಹೊರಗೆ ಏನೂ ಗೊತ್ತಾಗುವುದಿಲ್ಲ. ಮನೆ ಬದಲಾವಣೆ, ಚಳಿ, ನೀರಿನ ಕೊರತೆಯಿಂದ ಮರಿ ಬಳಲಿದಾಗ ಒಮ್ಮೆಲೇ ಹೆಚ್ಚುತ್ತದೆ. ಹಿಕ್ಕೆ ಮೆಟ್ಟಿದ ಕಾಲಿನಿಂದ, ಹಿಕ್ಕೆ ತುಳಿದ ಹುಳುವಿನಿಂದ ಮತ್ತೆ ಮತ್ತೆ ಹೊಟ್ಟೆ ಸೇರುವುದರಿಂದ ಔಷಧಿಯಷ್ಟೇ ಸ್ವಚ್ಛತೆಯೂ ಮುಖ್ಯ. ಮರಳು ತೆಗೆದು ಕಾಗದ ಹಾಸಿ ದಿನವೂ ಬದಲಿಸುವಂತೆ ವೈದ್ಯರು ಹೇಳಿದರು. ಔಷಧಿ ಮತ್ತು ಪ್ರಮಾಣ ಮರಿಯ ತೂಕದ ಮೇಲೆ ವೈದ್ಯರೇ ನಿರ್ಧರಿಸಬೇಕಾದ್ದು. ನೀರಿನಂಶ ಕಳೆದುಕೊಂಡ ಮರಿಗೆ ತಪ್ಪು ಪ್ರಮಾಣ ಕೊಟ್ಟರೆ ಮೂತ್ರಪಿಂಡಕ್ಕೆ ಪೆಟ್ಟು.

ಇದೇ ವೇಷದಲ್ಲಿ ಬರುವ ಬೇರೆ ಕಾಯಿಲೆಗಳೂ ಉಂಟು. ದಾರದಂಥ ಸಣ್ಣ ಜಂತುಹುಳು ಸಾಮಾನ್ಯ. ಕ್ಯಾಲ್ಸಿಯಂ ಕೊರತೆಯ ಮೂಳೆರೋಗ, ನಮ್ಮ ಮಕ್ಕಳ ರಿಕೆಟ್ಸ್‌ನ ಸೋದರ, ಬೆಳೆಯುವ ಮರಿಯನ್ನು ವಾರಗಳಲ್ಲಿ ಕೆಡವುತ್ತದೆ. ಅಡಿನೋ ವೈರಸ್ ಬಂದರೆ ನೇರ ಔಷಧಿಯಿಲ್ಲ, ಆರೈಕೆಯೊಂದೇ ಗತಿ. ಅದು ಹೆಚ್ಚು ಬಲಿ ತೆಗೆದುಕೊಳ್ಳುವುದೂ ಎಳೆಯ ಮರಿಗಳನ್ನೇ. ಈ ಯಾವುದರಲ್ಲೂ ಮೊದಲ ಲಕ್ಷಣ ಮಂಕು ಮತ್ತು ನಿದ್ದೆ. ದೀಪ ಆರಿಸಿ, ಪೆಟ್ಟಿಗೆಗೆ ಬಟ್ಟೆ ಮುಚ್ಚಿ, ‘ಬ್ರೂಮೇಷನ್’ ಎಂದು ಎರಡು ತಿಂಗಳು ಬಿಟ್ಟಿದ್ದರೆ ಏನಾಗುತ್ತಿತ್ತು ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ.

ಆರೋಗ್ಯವಾಗಿದ್ದೂ ಮಲಗಿದರೆ?

ಪರೀಕ್ಷೆಯಲ್ಲಿ ಏನೂ ಸಿಗದೆ, ತೂಕವೂ ಇಳಿಯದೆ, ಶಾಖವೂ ಸರಿಯಿದ್ದು, ಮರಿ ಮಲಗಿಯೇ ಇರುವ ಸಂದರ್ಭಗಳೂ ಇಲ್ಲದಿಲ್ಲ. ಹತ್ತು ಹನ್ನೊಂದು ತಿಂಗಳ, ಮೈತುಂಬಿದ ಮರಿಗಳಲ್ಲಿ ಇದು ಕಾಣಿಸುತ್ತದೆ. ಆಗಲೂ ಬೆಳೆದ ಓತಿಗೆ ಮಾಡುವಂತೆ ಶಾಖ ತಗ್ಗಿಸಿ ಕತ್ತಲೆ ಮಾಡಬಾರದು. ದೀಪ ಎಂದಿನಂತೆ ಬೆಳಗ್ಗೆ ಹತ್ತಬೇಕು, ಸಂಜೆ ಆರಬೇಕು. ಹಗಲಿಗೊಮ್ಮೆ ಮರಿಯನ್ನು ಮೆಲ್ಲಗೆ ಎತ್ತಿ ಬಿಸಿಯ ಕಲ್ಲಿನ ಮೇಲೆ ಬಿಡಬೇಕು. ಅದಾಗಿ ಗೂಡಿಗೆ ಹಿಂತಿರುಗಿದರೆ ಹೋಗಲಿ. ಎದ್ದಿದ್ದ ಗಳಿಗೆಯಲ್ಲಿ ಎರಡು ಹುಳು ತೋರಿಸಬೇಕು, ತಿಂದರೆ ಲಾಭ. ಬಾಯಿ ಬಿಡಿಸಿ ತುರುಕುವುದು ಬೇಡ.

ತಿಂದ ಮೇಲೆ ಶಾಖ ತಪ್ಪಬಾರದು ಎಂಬುದು ಎಲ್ಲಕ್ಕಿಂತ ಗಟ್ಟಿಯಾಗಿ ನೆನಪಿಡಬೇಕಾದ ಸಂಗತಿ. ಓತಿಯ ಹೊಟ್ಟೆಯಲ್ಲಿ ಬೆಂಕಿಯಿಲ್ಲ, ಬೆಂಕಿ ಇರುವುದು ಮೇಲಿನ ದೀಪದಲ್ಲಿ. ತುಂಬಿದ ಹೊಟ್ಟೆಯಲ್ಲಿ ತಣ್ಣಗೆ ಮಲಗಿದರೆ ತಿಂದದ್ದು ಅರಗದೆ ಒಳಗೇ ಕೊಳೆಯುತ್ತದೆ. ಬೆಳೆದ ಓತಿಯನ್ನು ಚಳಿನಿದ್ದೆಗೆ ಬಿಡುವ ಮೊದಲು ಒಂದೆರಡು ವಾರ ಆಹಾರ ನಿಲ್ಲಿಸಿ, ಶಾಖವನ್ನು ಮಾತ್ರ ಮುಂದುವರಿಸಿ ಹೊಟ್ಟೆ ಖಾಲಿಯಾಗಲು ಬಿಡುವುದು ಇದೇ ಕಾರಣಕ್ಕೆ. ಹಿಕ್ಕೆಯ ಪರೀಕ್ಷೆಯನ್ನೂ ಆಗಲೇ ಮಾಡಿಸುತ್ತಾರೆ.

ನೀರಿನ ವಿಷಯದಲ್ಲಿ ಮರಿಯನ್ನು ಅದರ ಪಾಡಿಗೆ ಬಿಡುವಂತಿಲ್ಲ. ಮರುಭೂಮಿಯ ಓತಿ ನಿಂತ ನೀರನ್ನು ಗುರುತಿಸುವುದೇ ಕಡಿಮೆ. ತೊಟ್ಟಿಕ್ಕುವ ಹನಿಯನ್ನು ನೆಕ್ಕುವುದು ಅದರ ರೂಢಿ. ಔಷಧಿಯ ಡ್ರಾಪರ್‌ನಿಂದ ಮೂತಿಯ ತುದಿಗೆ ಒಂದೊಂದೇ ಹನಿ ಬಿಟ್ಟು ನೆಕ್ಕಲು ಬಿಡಬೇಕು. ಬಾಯೊಳಗೆ ಹಿಂಡಿದರೆ ಶ್ವಾಸಕೋಶಕ್ಕೆ ಹೋದೀತು. ವಾರಕ್ಕೊಮ್ಮೆ ಎರಡು ಬಾರಿ ಹತ್ತು ಹದಿನೈದು ನಿಮಿಷ ಉಗುರುಬೆಚ್ಚನೆಯ ನೀರಿನಲ್ಲಿ ಕೂರಿಸಿದರೆ ಹಿಕ್ಕೆ ಇಳಿಯಲೂ ಅನುಕೂಲ. ನೀರು ಅದರ ಮುಂಗಾಲಿನ ಮೊಣಕೈ ಮುಟ್ಟಿದರೆ ಸಾಕು. ಅರೆನಿದ್ದೆಯ ಮರಿಯನ್ನು ನೀರಿನಲ್ಲಿ ಬಿಟ್ಟು ಬಾಗಿಲ ಗಂಟೆ ಕೇಳಿಸಿತೆಂದು ಎದ್ದುಹೋಗಬಾರದು, ಮೂಗು ಮುಳುಗಲು ಎರಡು ಅಂಗುಲ ನೀರು ಧಾರಾಳ. ಮೈ ಒರೆಸಿ, ಒಣಗಿದ ಮೇಲೆಯೇ ಪೆಟ್ಟಿಗೆಗೆ ಬಿಡಬೇಕು.

ಆ ಸ್ನಾನ ಅಡುಗೆಮನೆಯ ಸಿಂಕ್‌ನಲ್ಲಿ ಮಾತ್ರ ಸಲ್ಲದು. ನೋಡಲು ಆರೋಗ್ಯವಾಗಿರುವ ಓತಿಯ ಕರುಳಿನಲ್ಲೂ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಇರುತ್ತದೆ. ಸಾಕಿದ ಗಡ್ಡದ ಓತಿಗಳಿಂದ ಜನರಿಗೆ, ಅದರಲ್ಲೂ ಎಳೆಯ ಮಕ್ಕಳಿಗೆ, ಸಾಲ್ಮೊನೆಲ್ಲಾ ಸೋಂಕು ಹರಡಿದ ಪ್ರಕರಣಗಳನ್ನು ಅಮೆರಿಕದ ರೋಗ ನಿಯಂತ್ರಣ ಕೇಂದ್ರ 2014ರಲ್ಲೂ ಅನಂತರವೂ ವರದಿ ಮಾಡಿದೆ. ಐದು ವರ್ಷದೊಳಗಿನ ಮಕ್ಕಳಿರುವ ಮನೆಗೆ ಸರೀಸೃಪ ಬೇಡವೆಂಬುದು ಅದರ ಸಲಹೆ. ಮುಟ್ಟಿದ ಪ್ರತಿ ಸಲವೂ ಸೋಪು ಹಾಕಿ ಕೈ ತೊಳೆಯಬೇಕು. ಸ್ನಾನಕ್ಕೆ ಪ್ರತ್ಯೇಕ ಬೋಗುಣಿ ಇರಬೇಕು. ಓತಿಗೆ ಮುತ್ತು ಕೊಡುವ ಚಿತ್ರಗಳನ್ನು ಮೊಬೈಲಿನಲ್ಲಿ ಕಾಣುತ್ತೇವೆ. ಅದು ಓತಿಗೂ ಇಷ್ಟವಿಲ್ಲದ ಕೆಲಸವೇ ಇರಬೇಕು.

ನಿದ್ದೆ ಮುಗಿಸಿ ತಾನಾಗಿ ಬೆಳಕಿಗೆ ಬಂದ ಮರಿಗೆ ಮೊದಲು ನೀರು, ಆಮೇಲೆ ಒಂದೆರಡು ದಿನದ ಬಿಸಿಲು, ಆನಂತರ ಊಟ. ವಾರ ಹತ್ತು ದಿನದಲ್ಲಿ ಎಂದಿನ ಹಸಿವು ಮರಳಬೇಕು. ಮರಳದಿದ್ದರೆ ಮತ್ತೆ ವೈದ್ಯರ ಬಾಗಿಲು.

ಇಲ್ಲಿ ಸಾಕುವ ಆಸೆ ಹುಟ್ಟಿದವರಿಗೆ ಒಂದು ಮಾತು. ಬ್ಯಾಂಕಾಕ್‌ನಿಂದ ಬಂದ ಪ್ರಯಾಣಿಕನ ಪೆಟ್ಟಿಗೆಯಲ್ಲಿ 234 ಜೀವಿಗಳನ್ನು ಬೆಂಗಳೂರು ವಿಮಾನ ನಿಲ್ದಾಣದ ಕಸ್ಟಮ್ಸ್ ಅಧಿಕಾರಿಗಳು ಪತ್ತೆಹಚ್ಚಿದ್ದು 2023ರ ಆಗಸ್ಟ್‌ನಲ್ಲಿ. ಅವುಗಳ ಪೈಕಿ ಕಾಂಗರೂ ಮರಿಯೊಂದು ಆಗಲೇ ಸತ್ತಿತ್ತು. ಹೀಗೆ ಗಾಳಿ ನೀರಿಲ್ಲದೆ ಬರುವ ಸರೀಸೃಪದ ಮರಿಗಳೂ ಕಾಯಿಲೆಯ ಗೂಡಾಗಿರುವ ಸಂಭವವೇ ಹೆಚ್ಚು. 2022ರಲ್ಲಿ ತಿದ್ದುಪಡಿಯಾದ ವನ್ಯಜೀವಿ ಸಂರಕ್ಷಣಾ ಕಾಯ್ದೆ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದ್ದು, ಅಂತರರಾಷ್ಟ್ರೀಯ ಸೈಟಿಸ್ ಒಪ್ಪಂದದಡಿ ಪಟ್ಟಿಯಾದ ವಿದೇಶಿ ಜೀವಿಗಳನ್ನು ಸಾಕುವವರು ನೋಂದಣಿ ಮಾಡಿಸಬೇಕು. ಯಾವ ಪ್ರಾಣಿ ಪಟ್ಟಿಯಲ್ಲಿದೆ, ಯಾವ ಕಾಗದಪತ್ರ ಬೇಕು ಎಂಬುದನ್ನು ಅರಣ್ಯ ಇಲಾಖೆಯಲ್ಲಿ ವಿಚಾರಿಸಿಯೇ ಮುಂದುವರಿಯಬೇಕು. ನಮ್ಮದೇ ಉಡವನ್ನು ಹಿಡಿದು ಸಾಕುವುದಂತೂ ಅಪರಾಧ.

ಬೋಂಡನ ಚಿಕಿತ್ಸೆ ಜನವರಿಯ ನಡುವಿನವರೆಗೆ ನಡೆಯಿತು. ಎರಡನೇ ಬಾರಿ ಹಿಕ್ಕೆ ಪರೀಕ್ಷಿಸಿದಾಗ ಕಾಕ್ಸಿಡಿಯಾ ಕಾಣಲಿಲ್ಲ. ಹುಡುಗ ತೂಕದ ಹಾಳೆಯನ್ನು ವಿಜ್ಞಾನದ ಪುಸ್ತಕದಿಂದ ಕಿತ್ತು ಫ್ರಿಜ್ ಬಾಗಿಲಿಗೆ ಅಂಟಿಸಿದ್ದಾನೆ. ಕೊನೆಯ ಸಾಲಿನಲ್ಲಿ 204 ಗ್ರಾಂ ಎಂದಿದೆ. ಈಗ ಭಾನುವಾರ ಅಕ್ಕನ ಕರೆ ಬಂದರೆ ಅಮ್ಮ ಮೊದಲು ಮೊಮ್ಮಗನ ಊಟ ವಿಚಾರಿಸುತ್ತಾರೆ. ಆಮೇಲೆ ದನಿ ತಗ್ಗಿಸಿ, ‘ಆ ಹಲ್ಲಿ ಎಷ್ಟು ತೂಕ ಆಯ್ತೋ?’ ಎಂದು ಕೇಳುತ್ತಾರೆ.